ಬಾವಿಯ ನೀರು ಬಣ್ಣಗೆಟ್ಟಾಗ ಮೊದಲು ನೋಡಬೇಕಾದುದೇನು?

ಹಂದ್ರಿ ನದಿಯ ಗಾಜುಲದಿನ್ನೆ ಜಲಾಶಯ ಸಮೀಪದಲ್ಲೇ ಇದ್ದರೂ ಗೋನೆಗಂಡ್ಲ ಭಾಗದಲ್ಲಿ ಮನೆಬಾವಿಯನ್ನು ನಂಬಿದ ಕುಟುಂಬಗಳಿವೆ. ಆ ನೀರು ಕೆಂಪಾದರೆ, ಕದಡಿದರೆ ಒಂದಿಷ್ಟು ಪಟಿಕ ಹಾಕಿ ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಪಟಿಕ ಮಣ್ಣನ್ನು ತಳಕ್ಕಿಳಿಸುತ್ತದೆ, ರೋಗಾಣುಗಳನ್ನು ಕೊಲ್ಲುವುದಿಲ್ಲ. ಆದುದರಿಂದ ಬಣ್ಣದ ಕಾರಣವನ್ನು ಮೊದಲು ಹುಡುಕಬೇಕು.

ಎರಡು ಗಾಜಿನ ಲೋಟಗಳು ಸಾಕು. ಒಂದರಲ್ಲಿ ಬಾವಿಯಿಂದ ನೇರವಾಗಿ ಸೇದಿದ ನೀರು, ಇನ್ನೊಂದರಲ್ಲಿ ನಲ್ಲಿಯ ನೀರು ಹಿಡಿದು ರಾತ್ರಿಯಿಡೀ ಇಡಿರಿ. ನಲ್ಲಿಯದು ಮಾತ್ರ ಕೆಂಪಾಗಿದ್ದರೆ ದೋಷ ಬಾವಿಯದಲ್ಲ, ತುಕ್ಕು ಹಿಡಿದ ಪೈಪು ಅಥವಾ ತೊಳೆಯದ ಟ್ಯಾಂಕಿನದು. ಸೇದಿದಾಗ ತಿಳಿಯಾಗಿದ್ದು ಬೆಳಗಾಗುವಷ್ಟರಲ್ಲಿ ಕೆಂಪು ಮಡ್ಡಿ ಕೂತರೆ ಅದು ಗಾಳಿ ತಗುಲಿದ ಕಬ್ಬಿಣದ ಅಂಶ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೂ ಬಟ್ಟೆಗೆ ಕಲೆ ಬೀಳುತ್ತದೆ. ಇಂತಹ ನೀರಿಗೆ ಬ್ಲೀಚಿಂಗ್ ಪುಡಿ ಬಿದ್ದರೆ ಕೆಂಪು ಇನ್ನೂ ಹೆಚ್ಚಾಗಿ ಕಾಣುತ್ತದೆ. ಪುಡಿಯೇ ನೀರು ಕೆಡಿಸಿತೆಂದು ದೂರುವವರು ಇದನ್ನು ಗಮನಿಸಬೇಕು. ಹಸಿರು ಬಣ್ಣ ಪಾಚಿಯದು, ಬಿಸಿಲು ಬೀಳದಂತೆ ಬಾವಿ ಮುಚ್ಚಿದರೆ ಕಡಿಮೆಯಾದೀತು.

ಹೆಚ್ಚು ಎಚ್ಚರ ಬೇಕಾದುದು ಮಳೆಯ ಮರುದಿನವೇ ಕದಡುವ ಬಾವಿಯ ವಿಷಯದಲ್ಲಿ. ಬೇಸಿಗೆಯಲ್ಲಿ ಎರೆನೆಲ ಬಿರುಕು ಬಿಡುತ್ತದೆ. ಕಟ್ಟೆಯ ಸುತ್ತಲೂ ಸಂದು ಏರ್ಪಡುತ್ತದೆ. ಮೊದಲ ಮಳೆಯ ನೀರು ಮಣ್ಣಿನಲ್ಲಿ ಸೋಸಿಕೊಳ್ಳದೆ ತಿಪ್ಪೆ, ದನದ ಕೊಟ್ಟಿಗೆ, ಶೌಚದ ಗುಂಡಿಗಳ ಕೊಳೆಯೊಡನೆ ಆ ಸಂದಿನಿಂದ ನೇರವಾಗಿ ಇಳಿಯುತ್ತದೆ. ಮಕ್ಕಳ ವಾಂತಿಭೇದಿಗೆ ಇದೇ ದಾರಿ. ಅಂತಹ ನೀರನ್ನು ಕುದಿಸದೆ ಕೊಡಲೇಬೇಡಿರಿ. ಸಂದು ಮುಚ್ಚಿ, ಸುತ್ತ ಇಳಿಜಾರಾಗಿ ಸಿಮೆಂಟು ಹಾಕಿಸಿ, ಕೊಳೆನೀರು ಹೊರಹಾಕಿದ ಮೇಲೆ ಪುಡಿ ಹಾಕಬೇಕು. ಕೆಳಗೆ ಉಸಿರುಗಟ್ಟಿಸುವ ಗಾಳಿ ಇರಬಹುದಾದ್ದರಿಂದ ಯಾರೂ ಒಂಟಿಯಾಗಿ ಬಾವಿಗಿಳಿಯಬಾರದು. ಡೀಸೆಲ್ ಎಂಜಿನನ್ನು ಬಾವಿಯೊಳಗೆ ಓಡಿಸಲೇಬಾರದು.

ಪುಡಿಯ ಅಳತೆಯನ್ನು ಪ್ರೌಢಶಾಲೆಯ ಮಕ್ಕಳಿಂದಲೇ ಲೆಕ್ಕ ಹಾಕಿಸಿರಿ. ಅವರು ಕಲಿತ ಸಿಲಿಂಡರಿನ ಘನಫಲವೇ ಇದು. ಬಾವಿ 2 ಮೀಟರು ಅಗಲವಿದ್ದು 3 ಮೀಟರು ನೀರಿದ್ದರೆ ಸುಮಾರು 9,400 ಲೀಟರು. ಸಾವಿರ ಲೀಟರಿಗೆ 2.5 ಗ್ರಾಂನಂತೆ 24 ಗ್ರಾಂ ಒಳ್ಳೆಯ ಪುಡಿ ಸಾಮಾನ್ಯ ಪ್ರಮಾಣ. ನೀರು ಕೊಳೆಯಾಗಿದ್ದಷ್ಟೂ ಹೆಚ್ಚು ಬೇಕು. ಬಕೆಟ್ಟಿನಲ್ಲಿ ಕರಗಿಸಿ, ಸುಣ್ಣ ತಳಕ್ಕಿಳಿದ ಬಳಿಕ ಮೇಲಿನ ತಿಳಿಯನ್ನು ಬಾವಿಗೆ ಬೆರೆಸಬೇಕು. ಕನಿಷ್ಠ ಒಂದು ಗಂಟೆ ನೀರು ಸೇದಬಾರದು.

ಇಷ್ಟರಿಂದ ನೀರು ತಿಳಿಯಾದರೂ ಪರೀಕ್ಷೆ ಬಿಡಬಾರದು. ಫ್ಲೋರೈಡಿಗೂ ನೈಟ್ರೇಟಿಗೂ ಬಣ್ಣವಿಲ್ಲ; ಕುದಿಸಿದರೆ ಅವು ಹೋಗುವುದೂ ಇಲ್ಲ. ಭಾರತೀಯ ಮಾನಕದಂತೆ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5, ನೈಟ್ರೇಟ್ 45 ದಾಟಬಾರದು. ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಪರೀಕ್ಷಾ ಪೆಟ್ಟಿಗೆಯ ತರಬೇತಿ ನೀಡುವ ಏರ್ಪಾಡಿದೆ. ನಿಮ್ಮ ಊರಿನಲ್ಲಿ ಅವರು ಯಾರೆಂದು ಪಂಚಾಯಿತಿಯಲ್ಲಿ ಕೇಳಿರಿ. ಅರ್ಜಿಯನ್ನು ತೆಲುಗಿನಲ್ಲಿ ಬರೆಯುವಾಗ ಕಬ್ಬಿಣಕ್ಕೆ ‘ಇನುಮು’ ಎಂದು ಬರೆಯಬೇಕು. ವರದಿ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇದ್ದು ತಿಳಿಯದಿದ್ದರೆ ಮಕ್ಕಳ ಕೈಯಲ್ಲಿ ಶಾಲೆಗೆ ಕಳುಹಿಸಿರಿ, ಕನ್ನಡದಲ್ಲಿ ಬರೆದು ಕೊಡುತ್ತೇವೆ.