ಬೆಳಕನ್ನು ಮೀರುವ ಕಣವುಂಟೆ?

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ರೈತರು ನೆರೆಯುತ್ತಾರೆ. ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದು ಸಣ್ಣ ವಾಕ್ಯದಲ್ಲಿ ಬರುವ ವರ್ಷದ ಮಳೆಬೆಳೆಯನ್ನು ಓದಿಕೊಳ್ಳುತ್ತಾರೆ. ಆ ನುಡಿಗೆ ಕಾರಣಿಕವೆಂದು ಹೆಸರು. ಮಳೆಯನ್ನೇ ನಂಬಿದ ನಮ್ಮ ಸೀಮೆಗೆ ನಾಳೆಯನ್ನು ಇಂದೇ ತಿಳಿಯುವ ಹಂಬಲ ಸಹಜವಾದುದು. ಆದರೆ ನಾಳೆಯ ವಾರ್ತೆ ಇಂದಿಗೆ ಬಂದು ಮುಟ್ಟುವುದು ನಿಸರ್ಗದಲ್ಲಿ ಸಾಧ್ಯವೇ? ವಿಚಿತ್ರವೆಂದರೆ, ಭೌತವಿಜ್ಞಾನದಲ್ಲಿ ಈ ಪ್ರಶ್ನೆ ಕಾಲಕ್ಕೆ ಸಂಬಂಧಿಸಿದಂತೆಯೇ ವೇಗಕ್ಕೂ ಸಂಬಂಧಿಸಿದುದು.

ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಸಾಗುತ್ತದೆ. 1905ರಲ್ಲಿ ಐನ್‌ಸ್ಟೈನರು ಮಂಡಿಸಿದ ಸಾಪೇಕ್ಷತಾ ಸಿದ್ಧಾಂತದಂತೆ, ತೂಕವುಳ್ಳ ಯಾವ ಕಣವನ್ನಾದರೂ ಆ ವೇಗಕ್ಕೆ ಏರಿಸಲು ಅನಂತ ಶಕ್ತಿ ಬೇಕು. ಅದಕ್ಕಿಂತ ಮಿಗಿಲಾಗಿ, ಬೆಳಕನ್ನು ಮೀರಿದ ವಾರ್ತೆಯೊಂದು ಇದ್ದುದಾದರೆ, ಕೆಲವು ಪ್ರಯಾಣಿಕರ ಗಡಿಯಾರದಲ್ಲಿ ಅದು ಹೊರಡುವ ಮೊದಲೇ ತಲುಪಿರುತ್ತದೆ. ಕಾರಣಕ್ಕಿಂತ ಕಾರ್ಯವೇ ಮುಂದಾಗುತ್ತದೆ.

ಈ ಬೇಲಿಯನ್ನು ಧೈರ್ಯವಾಗಿ ಪರೀಕ್ಷಿಸಿದವರಲ್ಲಿ ಕೇರಳದಲ್ಲಿ ಹುಟ್ಟಿದ ಇ. ಸಿ. ಜಿ. ಸುದರ್ಶನರು ಮುಖ್ಯರು. 1970ರ ದಶಕದಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಕೆಲಸ ಮಾಡಿದರು. ಅದಕ್ಕೆ ಮುನ್ನ, 1962ರಲ್ಲಿ, ಬಿಲಾನಿಯುಕ್ ಮತ್ತು ದೇಶಪಾಂಡೆಯವರೊಡನೆ ಅವರು ಬರೆದ ಲೇಖನದ ತಿರುಳನ್ನು ನಮ್ಮ ತುಂಗಭದ್ರೆಯ ಮೂಲಕ ಹೇಳುತ್ತೇನೆ. ಪ್ರವಾಹದ ಹೊಳೆಯನ್ನು ಯಾರೂ ದಾಟಲಾರರೆಂಬುದು ನಿಜ. ಅಷ್ಟರಿಂದ ಆಚೆಯ ದಡದಲ್ಲಿ ಹುಟ್ಟಿ ಬೆಳೆದವರೇ ಇಲ್ಲವೆನ್ನಬಹುದೆ? ಹುಟ್ಟಿದಾಗಲೇ ಬೆಳಕನ್ನು ಮೀರಿರುವ ಕಣಕ್ಕೆ ಆ ಎಲ್ಲೆಯನ್ನು ದಾಟುವ ಪ್ರಮೇಯವೇ ಇಲ್ಲ. ಅಂಥ ಕಣವು ಶಕ್ತಿಗುಂದಿದಷ್ಟೂ ವೇಗ ಹೆಚ್ಚಿಸಿಕೊಳ್ಳುತ್ತದೆ! 1967ರಲ್ಲಿ ಫೈನ್‌ಬರ್ಗರು ಅದಕ್ಕೆ ಟ್ಯಾಕಿಯಾನ್ ಎಂದು ಹೆಸರಿಟ್ಟರು.

ಕಾರ್ಯಕಾರಣದ ತೊಡಕಿಗೂ ಸುದರ್ಶನರು ಉತ್ತರ ಕೊಟ್ಟರು. ಕಾಲದಲ್ಲಿ ಹಿಂದಕ್ಕೆ ಹೋಗುವಂತೆ ತೋರುವ ಋಣಶಕ್ತಿಯ ಕಣವನ್ನು, ಎದುರು ದಿಕ್ಕಿನಲ್ಲಿ ಮುಂದಕ್ಕೆ ಹೋಗುವ ಧನಶಕ್ತಿಯ ಕಣವೆಂದೇ ಓದಬೇಕು. ಕಳುಹಿದವನೂ ಪಡೆದವನೂ ಅದಲುಬದಲಾಗುತ್ತಾರೆ, ಅಷ್ಟೆ. ಉತ್ತರ ಜಾಣತನದ್ದು. ಆದರೂ ನನ್ನ ಮನಸ್ಸು ಪೂರ್ಣ ಒಪ್ಪದು. ಕೂಡ್ಲಿಗಿಯವನು ಬರೆದ ಓಲೆಯನ್ನು ಹರಪನಹಳ್ಳಿಯವನೇ ಬರೆದನೆಂದು ಹೇಗೆ ಓದುವುದು? ಅರ್ಥವುಳ್ಳ ವಾರ್ತೆಗೆ ಕರ್ತೃವೊಬ್ಬನು ಇದ್ದೇ ಇರುತ್ತಾನೆ.

ವಾದವೇನೇ ಇರಲಿ, ತೀರ್ಪು ಪ್ರಯೋಗದ್ದು. 2011ರಲ್ಲಿ ಜಿನೀವಾದ ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸೋಗೆ, ನೆಲದಡಿಯಲ್ಲಿ ಸುಮಾರು 730 ಕಿಲೋಮೀಟರು ಸಾಗಿದ ನ್ಯೂಟ್ರಿನೋ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡು, ಎಂದರೆ ಹದಿನೆಂಟು ಮೀಟರಿನಷ್ಟು ಮುಂದಾಗಿ ಬಂದಂತೆ ಕಂಡಿತು. ಜಗತ್ತೆಲ್ಲ ಬೆರಗಾಯಿತು. ಪ್ರಯೋಗ ನಡೆಸಿದವರು ಮಾತ್ರ ಜಯಭೇರಿ ಹೊಡೆಯದೆ, ತಮ್ಮ ಲೆಕ್ಕವನ್ನು ಪರಿಶೀಲಿಸಿರೆಂದು ಇತರರನ್ನು ಕೇಳಿಕೊಂಡರು. 2012ರಲ್ಲಿ ಕಾರಣ ಸಿಕ್ಕಿತು: ಕಾಲವನ್ನು ಅಳೆಯುವ ಏರ್ಪಾಟಿನಲ್ಲಿ ಬೆಳಕಿನ ತಂತಿಯೊಂದರ ಜೋಡಣೆ ಸಡಿಲವಾಗಿತ್ತು. ಬೆಳಕನ್ನು ಮೀರುವ ಕಣ ಇಂದಿನವರೆಗೂ ಯಾರ ಕೈಗೂ ಸಿಕ್ಕಿಲ್ಲ.

ಕಾರಣಿಕದ ನುಡಿಗೆ ವರ್ಷ ಕಳೆದ ಮೇಲೆ ನಾವು ಅರ್ಥ ಹೊಂದಿಸುತ್ತೇವೆ. ಅಲ್ಲಿ ಭಕ್ತಿಯ ಸಮಾಧಾನವಿದೆ. ವಿಜ್ಞಾನದ ನುಡಿಗೆ ಆ ಸಲಿಗೆಯಿಲ್ಲ. ತನಗೆ ಪ್ರಿಯವಾದ ಮಾತನ್ನೇ ಅದು ಮೊದಲು ಸಂಶಯಿಸಬೇಕು. ನಾಳೆಯ ಮಳೆಯ ವಾರ್ತೆಯನ್ನು ಹೊತ್ತು ತರುವ ಕಣ ದೊರೆಯುವವರೆಗೆ, ನಮ್ಮ ರೈತನು ಬಿತ್ತುವ ಮುನ್ನ ಮುಗಿಲನ್ನೇ ನೋಡಬೇಕಾಗಿದೆ.