ಚಂದಮಾಮದ ಅದ್ಭುತ ಧಾರಾವಾಹಿಗಳು ಮತ್ತು ಓದುಗರು

ಚಂದಮಾಮದ ಅದ್ಭುತ ಧಾರಾವಾಹಿಗಳು ಎಂದರೆ ಮದರಾಸಿನಿಂದ ಹೊರಡುತ್ತಿದ್ದ ‘ಚಂದಮಾಮ’ ಮಾಸಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾದ, ಮಾಂತ್ರಿಕರು, ರಾಕ್ಷಸರು ಹಾಗೂ ಸಾಹಸಿ ಯುವಕರನ್ನು ಒಳಗೊಂಡ ದೀರ್ಘ ಕಥೆಗಳು. ಕನ್ನಡದ ಹಲವು ತಲೆಮಾರುಗಳ ಓದುಗರು ಇವುಗಳನ್ನು ಬಾಲ್ಯದಲ್ಲಿ ಓದಿದ್ದಾರೆ. ಆದರೆ ಅವುಗಳ ಲೇಖಕನ ಹೆಸರು ಬಹುಕಾಲ ಓದುಗರಿಗೆ ತಿಳಿದಿರಲಿಲ್ಲ.

ಹಿನ್ನೆಲೆ

ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರು 1947ರ ಜುಲೈಯಲ್ಲಿ ಈ ಪತ್ರಿಕೆಯನ್ನು ತೆಲುಗು ಮತ್ತು ತಮಿಳಿನಲ್ಲಿ ಆರಂಭಿಸಿದರು. ಕನ್ನಡ ಆವೃತ್ತಿ 1949ರಲ್ಲಿ ಬಂತು. ಕನ್ನಡಿಗ ಕಲಾವಿದ ಎಂ.ಟಿ.ವಿ. ಆಚಾರ್ಯ ಅವರು ಪತ್ರಿಕೆಗೆ ಮುಖಚಿತ್ರಗಳನ್ನು ರಚಿಸಿದರು.

ಧಾರಾವಾಹಿಗಳು

‘ತೋಕಚುಕ್ಕ’, ‘ಜ್ವಾಲಾದ್ವೀಪಂ’, ‘ಯಕ್ಷಪರ್ವತಂ’, ‘ಮಾಯಾಸರೋವರಂ’ ಮೊದಲಾದ ಧಾರಾವಾಹಿಗಳನ್ನು ತೆಲುಗಿನಲ್ಲಿ ಬರೆದವರು ಸಂಪಾದಕ ವರ್ಗದಲ್ಲಿದ್ದ ದಾಸರಿ ಸುಬ್ರಹ್ಮಣ್ಯಂ (1932–2010). ಇವು ಇತರ ಭಾಷೆಗಳ ಆವೃತ್ತಿಗಳಿಗೂ ಅನುವಾದಗೊಂಡವು. ‘ಚಿತ್ರಾ’ ಎಂಬ ಹೆಸರಿನಿಂದ ಪ್ರಸಿದ್ಧರಾದ ಟಿ.ವಿ. ರಾಘವನ್ ಅವುಗಳಿಗೆ ಚಿತ್ರ ಬರೆದರು. ಪ್ರತಿ ಕಂತೂ ನಾಯಕರು ಅಪಾಯದಲ್ಲಿ ಸಿಲುಕಿದ ಗಳಿಗೆಯಲ್ಲಿ ನಿಲ್ಲುತ್ತಿತ್ತು. ಉತ್ತರಕ್ಕಾಗಿ ಓದುಗರು ಮುಂದಿನ ತಿಂಗಳವರೆಗೆ ಕಾಯಬೇಕಿತ್ತು.

ಬೇತಾಳ ಕಥೆಗಳು ಇವುಗಳಿಗಿಂತ ಭಿನ್ನವಾದವು. ಸಂಸ್ಕೃತದ ಮೂಲದಲ್ಲಿ ಕಥೆಗಳು ಇಪ್ಪತ್ತೈದು ಮಾತ್ರ. ಪತ್ರಿಕೆಯು ಆ ಚೌಕಟ್ಟನ್ನು ಉಳಿಸಿಕೊಂಡು ದಶಕಗಳ ಕಾಲ ಹೊಸ ಕಥೆಗಳನ್ನು ಹೆಣೆಯಿತು. ಹೆಗಲ ಮೇಲೆ ಶವ ಹೊತ್ತು ನಡೆಯುವ ರಾಜನ ಚಿತ್ರವನ್ನು ಕೆ.ಸಿ. ಶಿವಶಂಕರನ್ (1924–2020) ಬರೆದರು.

ಓದುಗರ ಅಭಿಪ್ರಾಯ

ಮೆಚ್ಚಿದ ಓದುಗರು ಮುಖ್ಯವಾಗಿ ಕಥೆಯ ವೇಗ, ಸರಳ ಭಾಷೆ ಮತ್ತು ಚಿತ್ರಗಳನ್ನು ನೆನೆಯುತ್ತಾರೆ. ಪಟ್ಟು ಸಡಿಲಿಸದವನನ್ನು ‘ಛಲ ಬಿಡದ ತ್ರಿವಿಕ್ರಮ’ ಎಂದು ಕರೆಯುವ ರೂಢಿ ಬೇತಾಳ ಕಥೆಗಳ ಜನಪ್ರಿಯತೆಗೆ ಸಾಕ್ಷಿಯಾಗಿದೆ.

ಇದಕ್ಕೆ ಎದುರಾದ ಆಕ್ಷೇಪಗಳೂ ಇವೆ. ಇಬ್ಬರು ಯುವಕರು, ದುಷ್ಟ ಮಾಂತ್ರಿಕ, ದುರ್ಗಮ ಅರಣ್ಯ ಎಂಬ ಮಾದರಿ ಮರಳಿ ಮರಳಿ ಬರುತ್ತದೆ. ಸ್ತ್ರೀಪಾತ್ರಗಳಿಗೆ ಅವಕಾಶ ಕಡಿಮೆ. ಮಂತ್ರತಂತ್ರಗಳು ಮಕ್ಕಳಲ್ಲಿ ಮೂಢನಂಬಿಕೆ ಬೆಳೆಸಬಹುದು ಎಂಬುವು ಅವುಗಳಲ್ಲಿ ಪ್ರಮುಖ. ಈ ಕಥೆಗಳಲ್ಲಿ ಸಾಮಾನ್ಯವಾಗಿ ಮಾಂತ್ರಿಕನನ್ನು ಸೋಲಿಸುವುದು ಮಂತ್ರವಲ್ಲ, ಧೈರ್ಯ ಮತ್ತು ಯುಕ್ತಿ ಎಂಬುದು ಕೊನೆಯ ಆಕ್ಷೇಪಕ್ಕೆ ನೀಡಬಹುದಾದ ಉತ್ತರ.

ಇತರ ಸರಣಿಗಳೊಡನೆ ಹೋಲಿಕೆ

ಇಂಗ್ಲಿಷಿನ ದೀರ್ಘ ಸರಣಿಗಳಲ್ಲಿ ಓದುಗರ ಚರ್ಚೆ ಲೇಖಕನ ಸುತ್ತಲೇ ನಡೆಯುತ್ತದೆ. 1990ರಲ್ಲಿ ಆರಂಭವಾದ ‘ದಿ ವೀಲ್ ಆಫ್ ಟೈಮ್’ ಸರಣಿಯ ಲೇಖಕ ರಾಬರ್ಟ್ ಜೋರ್ಡನ್ 2007ರಲ್ಲಿ ನಿಧನರಾದಾಗ, ಬ್ರ್ಯಾಂಡನ್ ಸ್ಯಾಂಡರ್ಸನ್ ಅದನ್ನು 2013ರಲ್ಲಿ ಪೂರ್ಣಗೊಳಿಸಿದರು. ಜಾರ್ಜ್ ಆರ್.ಆರ್. ಮಾರ್ಟಿನ್ ಅವರ ಸರಣಿಯ ಐದನೆಯ ಸಂಪುಟ 2011ರಲ್ಲಿ ಬಂದ ಬಳಿಕ ಮುಂದಿನದಕ್ಕಾಗಿ ಓದುಗರು ವರ್ಷಗಟ್ಟಲೆ ಕಾದಿದ್ದಾರೆ, ಲೇಖಕರ ಮೇಲೆ ಅಸಮಾಧಾನವನ್ನೂ ತೋರಿದ್ದಾರೆ.

ಚಂದಮಾಮದಲ್ಲಿ ಧಾರಾವಾಹಿಯೊಂದಿಗೆ ಸುಬ್ರಹ್ಮಣ್ಯಂ ಅವರ ಹೆಸರು ಅಚ್ಚಾಗುತ್ತಿರಲಿಲ್ಲ. ಹೀಗಾಗಿ ಓದುಗರ ಮೆಚ್ಚುಗೆ ಪತ್ರಿಕೆಗೆ ಸಂದಿತೇ ಹೊರತು ಬರೆದವರಿಗಲ್ಲ. ಕನ್ನಡದಲ್ಲಿ ಅನುವಾದಕರ ಹೆಸರೂ ಹೀಗೆಯೇ ಮರೆಯಲ್ಲಿ ಉಳಿಯಿತು.

ನಂತರದ ದಿನಗಳು

ಪತ್ರಿಕೆಯ ಒಡೆತನ 2007ರಲ್ಲಿ ಮುಂಬಯಿಯ ಜಿಯೋಡೆಸಿಕ್ ಸಂಸ್ಥೆಗೆ ಹೋಯಿತು. 2013ರ ಹೊತ್ತಿಗೆ ಪ್ರಕಟಣೆ ನಿಂತಿತು. ಹಳೆಯ ಸಂಚಿಕೆಗಳನ್ನು ಓದುಗರು ಇಂದಿಗೂ ಸಂಗ್ರಹಿಸುತ್ತಾರೆ.