ಬೇರೆ ಬಗೆಯ ಕಣಗಳ ಅಲೆಗಳು ಕೂಡುವುವೇ?

ಕೆರೆಯಲ್ಲಿ ಎರಡು ಕಲ್ಲುಗಳನ್ನೆಸೆದರೆ ಏಳುವ ಅಲೆಗಳು ಒಂದನ್ನೊಂದು ಹಾಯುವುವು. ಉಬ್ಬಿಗೆ ಉಬ್ಬು ಸೇರಿದೆಡೆ ನೀರು ಮತ್ತಷ್ಟು ಏರುವುದು. ಉಬ್ಬಿಗೆ ತಗ್ಗು ಸೇರಿದೆಡೆ ಸಮವಾಗುವುದು. ಇದೇ ವ್ಯತಿಕರಣ. ಕಣಗಳಿಗೂ ಅಲೆಯ ಗುಣವುಂಟೆಂದು 1924ರಲ್ಲಿ ಫ್ರಾನ್ಸಿನ ಲೂಯಿ ಡಿ ಬ್ರಾಗ್ಲಿಯವರು ಪ್ರತಿಪಾದಿಸಿದರು. 1927ರಲ್ಲಿ ಅಮೆರಿಕದ ಡೇವಿಸನ್, ಜರ್ಮರ್ ಎಂಬಿಬ್ಬರು ನಿಕ್ಕಲ್ ಸ್ಫಟಿಕಕ್ಕೆ ಎಲೆಕ್ಟ್ರಾನುಗಳನ್ನು ತಾಗಿಸಿ ಅದನ್ನು ಪ್ರತ್ಯಕ್ಷ ಕಂಡರು. ಇದನ್ನು ಬೋಧಿಸುತ್ತಿದ್ದಾಗ ವಿದ್ಯಾರ್ಥಿಯೊಬ್ಬನು, “ಒಂದು ಸೀಳಿನಿಂದ ಎಲೆಕ್ಟ್ರಾನನ್ನೂ ಇನ್ನೊಂದರಿಂದ ನ್ಯೂಟ್ರಾನನ್ನೂ ಬಿಟ್ಟರೆ ಅವುಗಳ ಅಲೆಗಳು ಕೂಡುವುವೇ, ಸಾರ್?” ಎಂದು ಕೇಳಿದನು.

ಕೂಡುವುದಿಲ್ಲ. ಕೆರೆಯ ಹೋಲಿಕೆಯೇ ಇಲ್ಲಿ ದಾರಿ ತಪ್ಪಿಸುವಂತಹುದು. ಹಲವು ವರ್ಷ ಅದನ್ನು ಕರಿಹಲಗೆಯ ಮೇಲೆ ಬರೆದು ಮಕ್ಕಳನ್ನು ದಾರಿ ತಪ್ಪಿಸಿದವರಲ್ಲಿ ನಾನೂ ಒಬ್ಬನು. ಕೆರೆಯ ಎರಡು ಅಲೆಗಳಿಗೂ ನೀರು ಒಂದೇ. ಕಣದ ಅಲೆಗೆ ಅಂತಹ ನೀರಿಲ್ಲ. ಕಣವು ಎಲ್ಲಿ ದೊರೆತೀತೆಂಬ ಸಂಭವವನ್ನು ಗಣಿಸಲು ಅದು ಸಾಧನ. ಒಂದೇ ಫಲವು ಎರಡು ಮಾರ್ಗಗಳಿಂದ ಒದಗಬಹುದಾಗಿದ್ದು, ಯಾವ ಮಾರ್ಗದಿಂದ ಒದಗಿತೆಂಬುದಕ್ಕೆ ಎಲ್ಲಿಯೂ ಕುರುಹು ಉಳಿಯದಿದ್ದರೆ ಮಾತ್ರ ಆ ಮಾರ್ಗಗಳ ಅಲೆಗಳನ್ನು ಕೂಡಿಸಬೇಕು. ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಬಿಟ್ಟರೂ ಕ್ರಮೇಣ ಪಟ್ಟೆಗಳು ಮೂಡುವುದು ಇದರಿಂದಲೇ. ಆದರೆ ಪರದೆಗೆ ತಾಗಿದುದು ನ್ಯೂಟ್ರಾನಾದರೆ, ಅದು ಯಾವ ಸೀಳಿನಿಂದ ಬಂದಿತೆಂಬುದನ್ನು ಅದರ ತೂಕವೇ ಸಾರುವುದು. ಕುರುಹು ಉಳಿಯಿತು, ಪಟ್ಟೆ ಮೂಡದು.

ಇದಕ್ಕೆ ವಿರುದ್ಧವೆಂಬಂತೆ ತೋರುವ ಒಂದು ಸಂಗತಿಯುಂಟು. ನ್ಯೂಟ್ರಿನೊ ಎಂಬ ಕಣದಲ್ಲಿ ಎಲೆಕ್ಟ್ರಾನ್, ಮ್ಯೂಆನ್, ಟೌ ಎಂದು ಮೂರು ಬಗೆ. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವನ್ನು 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೊಳಗೆ, ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಹಿಡಿದರು. ಅಂತಹವೇ ನ್ಯೂಟ್ರಿನೊಗಳನ್ನು ಜಪಾನಿನ ಸೂಪರ್ ಕಾಮಿಯೋಕಾಂಡೆಯಲ್ಲಿ ಪರೀಕ್ಷಿಸಿದಾಗ, ಭೂಮಿಯನ್ನು ತೂರಿ ಕೆಳಗಿನಿಂದ ಬಂದವುಗಳಲ್ಲಿ ಮ್ಯೂಆನ್ ಬಗೆಯವು ಕಡಮೆಯಾಗಿದ್ದುವೆಂದು 1998ರಲ್ಲಿ ಪ್ರಕಟವಾಯಿತು. ದಾರಿಯಲ್ಲಿ ಅವು ಬಗೆ ಬದಲಿಸಿದ್ದುವು.

ಕಾರಣವಿಷ್ಟೆ: ಪ್ರತಿಯೊಂದು ಬಗೆಯೂ ಮೂರು ಬೇರೆ ಬೇರೆ ದ್ರವ್ಯರಾಶಿಗಳ ಅಲೆಗಳು ಬೆರೆತುದು. ಆ ಮೂರು ಅಲೆಗಳು ಸಾಗುತ್ತ ಒಂದಕ್ಕೊಂದು ಹಿಂದುಮುಂದಾಗುವುವು. ಕೊನೆಗೆ ಕೂಡಿದಾಗ ಹೊರಟ ಬಗೆಯೇ ದೊರೆಯಬೇಕೆಂದಿಲ್ಲ. ಬೇರೆ ಬೇರೆ ದ್ರವ್ಯರಾಶಿಯವು ಇಲ್ಲಿ ಹೇಗೆ ಕೂಡಿದುವು? ಹೊರಟುದು ಮೂರು ಕಣಗಳಲ್ಲ, ಒಂದೇ ನ್ಯೂಟ್ರಿನೊ. ಅದು ಯಾವ ದ್ರವ್ಯರಾಶಿಯಾಗಿ ಬಂದಿತೆಂಬ ಕುರುಹನ್ನು ಅದು ಉಳಿಸಲಿಲ್ಲ. ಹುಟ್ಟುವ ಕ್ಷಣದಲ್ಲಿಯೇ ಯಾರಾದರೂ ಆ ದ್ರವ್ಯರಾಶಿಯನ್ನು ನಿಖರವಾಗಿ ಅಳೆದುಬಿಟ್ಟರೆ ಈ ವ್ಯತಿಕರಣವೂ ಅಳಿಯುವುದು.